ಯುವಜನ ಕ್ರೀಡಾಪೋಷಣೆ: ಹಲಸೂರು ಮತ್ತು ಬೆಂಗಳೂರು

1. ಕ್ರೀಡೆಯು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ (ನಮೂದು 33) ಸೇರಿದ ವಿಷಯ.

2. ಹಲಸೂರು ಕೆರೆಯ ಸಮೀಪದ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿರುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯು, ಭಾರತೀಯ ಕ್ರೀಡಾ ಪ್ರಾಧಿಕಾರವೂ ಭೂಸೇನೆಯೂ ಕೂಡಿ ನಡೆಸುವ ಯೋಜನೆಯ ಅಂಗವಾಗಿದ್ದು, ಆಯ್ದ ಬಾಲಕರಿಗೆ ವಸತಿ, ವಿದ್ಯಾಭ್ಯಾಸ, ತರಬೇತಿಗಳನ್ನು ಒದಗಿಸುತ್ತದೆ. ಇದನ್ನು ರಾಜ್ಯ ಕ್ರೀಡಾ ಇಲಾಖೆಯ ವಸತಿನಿಲಯವೆಂದು ಭ್ರಮಿಸಬಾರದು.

3. ಪ್ರಾಧಿಕಾರದ ಸ್ಥಾಪನೆ: 1984. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ: 1961.

4. ಗೊಂದಲ: ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು 2021ರ ಅಂಕಿತವನ್ನು ಧರಿಸಿದ್ದರೂ ಬೆಂಗಳೂರಿನಲ್ಲಿ ಜರುಗಿದುದು 2022ರ ಏಪ್ರಿಲ್ 24ರಿಂದ ಮೇ 3ರವರೆಗೆ, ಪರೀಕ್ಷೆಯ ಪ್ರಶ್ನೆ ರಚಿಸುವವರಿಗೆ ಇಂತಹ ವ್ಯತ್ಯಾಸ ಬಲು ಪ್ರಿಯ. ಮೊದಲನೆಯದು: ಭುವನೇಶ್ವರ, 2020.

5. ಆಗಸ್ಟ್ 29: ರಾಷ್ಟ್ರೀಯ ಕ್ರೀಡಾ ದಿನ, ಹಾಕಿಪಟು ಧ್ಯಾನ್‌ಚಂದರ ಜನ್ಮದಿನ, ಫಿಟ್ ಇಂಡಿಯಾ ಆಂದೋಲನದ ಆರಂಭವೂ (2019) ಅಂದೇ.