‘ಬೆಳೆಯಲಿಲ್ಲ’ ಎಂದು ಬರೆಯುವ ಮೊದಲು

ಕಫದ ಸ್ಯಾಂಪಲ್ ಕಳಿಸಿದ ವೈದ್ಯರು ಹತ್ತನೇ ದಿನಕ್ಕೇ ಫೋನ್ ಮಾಡಿ, ‘ಇನ್ನೂ ಬೆಳೆದಿಲ್ವಾ ಮೇಡಂ?’ ಎಂದು ಕೇಳುವುದುಂಟು. ಕ್ಷಯದ ಬ್ಯಾಕ್ಟೀರಿಯಾ ಅವಸರಕ್ಕೆ ಒಗ್ಗುವುದಿಲ್ಲ. ಇ. ಕೋಲಿ 20 ನಿಮಿಷದಲ್ಲಿ ಒಂದು ಎರಡಾದರೆ ಇದಕ್ಕೆ 15ರಿಂದ 20 ಗಂಟೆ ಬೇಕು. 1882ರಲ್ಲಿ ರಾಬರ್ಟ್ ಕಾಖ್ ಕೂಡ ಹೆಪ್ಪುಗಟ್ಟಿಸಿದ ಸೀರಮ್ ಮೇಲೆ ಇದನ್ನು ಬೆಳೆಸಲು ವಾರಗಟ್ಟಲೆ ಕಾದಿದ್ದರು. ನಾವು 37 ಡಿಗ್ರಿ ಶಾಖದಲ್ಲಿಟ್ಟು ಎಂಟು ವಾರ ನೋಡುತ್ತೇವೆ.

ಅಷ್ಟು ದಿನ ಅದಕ್ಕೆ ಆಹಾರ ಕೊಡುವುದು ಲೋವೆನ್‌ಸ್ಟೈನ್–ಜೆನ್ಸನ್ ಮಾಧ್ಯಮ. ಲ್ಯಾಬಿನ ಮಾತಿನಲ್ಲಿ ‘ಎಲ್‌ಜೆ’. ಒಂದು ಲೀಟರ್ ಕಲಸಿದ ಕೋಳಿಮೊಟ್ಟೆಗೆ ಆಸ್ಪರಜಿನ್, ಗ್ಲಿಸರಾಲ್ ಇರುವ 600 ಮಿ.ಲೀ. ಲವಣ ದ್ರಾವಣ, 20 ಮಿ.ಲೀ. ಮೆಲಕೈಟ್ ಗ್ರೀನ್ ದ್ರಾವಣ. ಕಫದಲ್ಲಿರುವ ಬೇರೆ ಸೂಕ್ಷ್ಮಜೀವಿಗಳು ಮೊದಲೇ ಟ್ಯೂಬ್ ತುಂಬಿಕೊಳ್ಳದಂತೆ ತಡೆಯುವುದು ಈ ಹಸಿರು. ಅದು ಹೆಚ್ಚಾದರೆ ಕ್ಷಯದ ಬ್ಯಾಕ್ಟೀರಿಯಾವೂ ಏಳುವುದಿಲ್ಲ. ತಡೆಯಬೇಕು, ಆದರೆ ಬೇಕಾದ್ದನ್ನೇ ತಡೆಯಬಾರದು: ಮಾಧ್ಯಮ ಮಾಡುವ ಕೆಲಸದ ಕಷ್ಟವೆಲ್ಲ ಇಲ್ಲಿದೆ.

ಮೊಟ್ಟೆ ತರುವಾಗಲೇ ಎಚ್ಚರ ಬೇಕೆಂದು ಕಲಿತೆ. ಆಂಟಿಬಯೋಟಿಕ್ ತಿಂದ ಕೋಳಿಯ ಮೊಟ್ಟೆ ಆಗದು. ವಾರಕ್ಕಿಂತ ಹಳೆಯದೂ ಬೇಡ. ಹಾಗಾಗಿ ಫಾರ್ಮಿನವರನ್ನು, ‘ಕೋಳಿಗೆ ಔಷಧಿ ಹಾಕಿದ್ದೀರಾ?’ ಎಂದು ವಿಚಾರಿಸುವುದೂ ನನ್ನ ಕೆಲಸವೇ. ಮೊಟ್ಟೆಯ ಮಾಧ್ಯಮವನ್ನು, ಅತಿ ಶಾಖದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಹಾಕುವಂತಿಲ್ಲ. ಟ್ಯೂಬುಗಳನ್ನು ಓರೆಯಾಗಿ ಮಲಗಿಸಿ ಸುಮಾರು 85 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಹೆಪ್ಪುಗಟ್ಟಿಸುತ್ತೇವೆ. ಶಾಖ ಮಿತಿಮೀರಿದರೆ ಗುಳ್ಳೆ ಏಳುತ್ತದೆ, ಬಣ್ಣ ಕೆಡುತ್ತದೆ. ಅದಕ್ಕೇ ಶುಚಿಯೆಲ್ಲ ಮೊದಲೇ ಆಗಬೇಕು: ಚಿಪ್ಪನ್ನು ಸೋಪಿನಲ್ಲಿ ತೊಳೆದು, ಶೇಕಡಾ 70ರ ಆಲ್ಕೋಹಾಲಿನಲ್ಲಿ ನೆನೆಸಿದ ಮೇಲೆಯೇ ಒಡೆಯುವುದು.

ಎಲ್ಲ ಕ್ಷಯಕ್ಕೂ ಒಂದೇ ಊಟ ಹಿಡಿಸದೆಂಬುದು ಇನ್ನೊಂದು ಪಾಠ. ದನಗಳಿಂದ ಬರುವ ಮೈಕೋಬ್ಯಾಕ್ಟೀರಿಯಂ ಬೋವಿಸ್‌ಗೆ ಗ್ಲಿಸರಾಲ್ ದಕ್ಕುವುದಿಲ್ಲ. ಅದರ ಬದಲು ಸೋಡಿಯಂ ಪೈರುವೇಟ್ ಹಾಕಿದರೆ ಬೆಳೆಯುತ್ತದೆ. ಗ್ಲಿಸರಾಲಿನ ಟ್ಯೂಬ್ ಮಾತ್ರ ಇಟ್ಟವರಿಗೆ ಅದು ಕಣ್ಣಿಗೆ ಬೀಳದೆಯೇ ಹೋಗಬಹುದು.

ಟ್ಯೂಬ್ ಖಾಲಿ ಉಳಿಯಲು ಎರಡು ಕಾರಣ ಇರಬಹುದು: ಬ್ಯಾಕ್ಟೀರಿಯಾ ಇಲ್ಲದಿರುವುದು, ಇಲ್ಲವೇ ಮಾಧ್ಯಮ ಸರಿಯಿಲ್ಲದಿರುವುದು. ನೋಡಿದರೆ ಎರಡೂ ಒಂದೇ ತರಹ. ಬೇರ್ಪಡಿಸಲು ಇರುವ ದಾರಿ, ಪ್ರತಿ ಬ್ಯಾಚಿನ ಕೆಲವು ಟ್ಯೂಬುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಪರಿಚಿತ ತಳಿಯೊಂದನ್ನು, ನಮ್ಮಲ್ಲಿ ಎಚ್37ಆರ್‌ವಿಯನ್ನು, ಬೆಳೆಸಿ ನೋಡುವುದು.

ಔಷಧಿ ಕೆಲಸ ಮಾಡಿದೆಯೇ ಎಂದು ವೈದ್ಯರು ತೀರ್ಮಾನಿಸುವಾಗ ನಮ್ಮ ‘ಬೆಳೆಯಲಿಲ್ಲ’ವನ್ನೂ ನಂಬುತ್ತಾರೆ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟೇ: ಆ ಬ್ಯಾಚಿನಲ್ಲಿ ಎಚ್37ಆರ್‌ವಿ ಬೆಳೆದದ್ದನ್ನು ನೋಡಿದ ಮೇಲೆ ಮಾತ್ರ ಆ ಪದ ಬರೆಯಿರಿ.