ಮೊದಲು ಒಂದು ಲೋಟ ಬರೆಯಿರಿ

ಚಿತ್ರ ಕಲಿಯಲು ಹೊರಟವರೇ, ಮೊದಲ ದಿನವೇ ದುಬಾರಿ ಬಣ್ಣದ ಡಬ್ಬಿ ಕೊಳ್ಳಬೇಡಿ. ಒಂದು ಎಚ್‌ಬಿ, ಒಂದು 4ಬಿ ಪೆನ್ಸಿಲು, ಗೆರೆಯಿಲ್ಲದ ನೋಟ್‌ಬುಕ್ಕು ಸಾಕು.

ಮೊಬೈಲಿನ ಫೋಟೊ ನಕಲು ಮಾಡುವ ಬದಲು ಅಡುಗೆಮನೆಯ ಸ್ಟೀಲ್ ಲೋಟವನ್ನು ಮೇಜಿನ ಮೇಲಿಟ್ಟು ಬರೆಯಿರಿ. ಅದರ ಬಾಯಿ ದುಂಡಗಿದೆಯೆಂದು ಗೊತ್ತು. ಕೂತಲ್ಲಿಂದ ಕಾಣುವುದು ಮಾತ್ರ ಚಪ್ಪಟೆಯಾದ ವೃತ್ತ. ಹೊಸಬರು ಬಾಯನ್ನು ಪೂರ್ತಿ ದುಂಡಗೆ ಬರೆದು, ತಳಕ್ಕೆ ನೇರ ಗೆರೆ ಎಳೆದುಬಿಡುತ್ತಾರೆ. ತಳವೂ ಬಾಗಿದೆ, ನೋಡಿ. ಅದು ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ತುಸು ಹೆಚ್ಚೇ ದುಂಡಗೆ ತೋರುತ್ತದೆ. ಇದೊಂದು ಕಣ್ಣಿಗೆ ಬಿತ್ತೆಂದರೆ ಕೊಡ, ಬಾವಿಕಟ್ಟೆ, ಗಾಡಿಯ ಚಕ್ರ ಎಲ್ಲವೂ ಕೈಗೆ ಒಲಿಯತೊಡಗುತ್ತವೆ.

ರಬ್ಬರಿಗೆ ಪದೇ ಪದೇ ಕೈ ಹಾಕಬೇಡಿ. ತಪ್ಪಿದ ಗೆರೆ ಇರಲಿ, ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಿರಿ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಸಿಕ್ಕಲ್ಲೆಲ್ಲ ನೋಡಿ. ನಾಲ್ಕಾರು ಗೆರೆಗಳಲ್ಲೇ ಮೈಯ ಬಳುಕನ್ನು ಹಿಡಿದ ಕೈ ಅದು!

ಜಲವರ್ಣಕ್ಕೆ ಬಂದಾಗ ಕಾಗದದ ವಿಷಯದಲ್ಲಿ ಜಿಪುಣತನ ಬೇಡ. 300 ಜಿಎಸ್‌ಎಂ ಹಾಳೆಯೇ ಇರಲಿ. ತೆಳು ಹಾಳೆ ನೀರು ತಾಗಿದೊಡನೆ ಸುಕ್ಕಾಗುತ್ತದೆ. ತಿಳಿಬಣ್ಣ ಮೊದಲು, ಅದು ಒಣಗಿದ ಮೇಲೆ ಗಾಢಬಣ್ಣ. ಬಿಳಿ ಬೇಕಾದಲ್ಲಿ ಹಾಳೆಯನ್ನೇ ಖಾಲಿ ಬಿಡಿ.