ಕೇಳದೆ ಬಾರದ ಪ್ರಾಪರ್ಟಿಗಳು

ಅಂಕೋಲಾದ ಮನೆಯಿಂದಲೇ ಕಂಪನಿಯ ಶೇರ್‌ಪಾಯಿಂಟ್ ನೋಡಿಕೊಳ್ಳುವ ತಮಗೆ,

ಪವರ್‌ಶೆಲ್‌ನಲ್ಲಿ ‘ಹ್ಯಾಸ್‌ಯೂನಿಕ್‌ರೋಲ್‌ಅಸೈನ್‌ಮೆಂಟ್ಸ್’ (ಅನುಮತಿಗಳು ಪ್ರತ್ಯೇಕವಾಗಿವೆಯೇ ಎಂದು ಹೇಳುವ ಪ್ರಾಪರ್ಟಿ) ಓದಲು ಹೋದಾಗ ‘ಇನಿಶಿಯಲೈಸ್ ಆಗಿಲ್ಲ’ ಎಂಬ ಎರರ್ ಬಂದರೆ ನಿಮ್ಮ ಅನುಮತಿಯನ್ನು ಶಂಕಿಸಬೇಡಿ. ಶೇರ್‌ಪಾಯಿಂಟ್‌ನ ಕ್ಲೈಂಟ್ ಲೈಬ್ರರಿಯಾದ ಸಿಎಸ್‌ಒಎಂ ಇರುವುದೇ ಹಾಗೆ. ಸುಮ್ಮನೆ ಲೋಡ್ ಮಾಡಿದರೆ ಸಾಮಾನ್ಯ ಪ್ರಾಪರ್ಟಿಗಳಷ್ಟೇ ಬರುತ್ತವೆ; ಉಳಿದವನ್ನು ಹೆಸರು ಹಿಡಿದು ಕೇಳಬೇಕು.

ಸಿ ಶಾರ್ಪ್‌ನಲ್ಲಾದರೆ ಲ್ಯಾಂಬ್ಡಾ ಬರೆದರೆ ಮುಗಿಯಿತು. ಪವರ್‌ಶೆಲ್‌ಗೆ ಅದು ನೇರವಾಗಿ ಒಗ್ಗದು. ರಿಫ್ಲೆಕ್ಷನ್ ಬಳಸುವ ಕಸರತ್ತುಗಳಿವೆ, ಕೆಲಸವನ್ನೂ ಮಾಡುತ್ತವೆ. ಆದರೆ ಮುಂದಿನ ವರ್ಷ ನೋಡಿದರೆ ಬರೆದವರಿಗೇ ಅರ್ಥವಾಗುವುದಿಲ್ಲ. ಅದರ ಬದಲು ಪಿಎನ್‌ಪಿ ಪವರ್‌ಶೆಲ್ ಮಾಡ್ಯೂಲ್ ಹಾಕಿಕೊಂಡು ‘ಗೆಟ್-ಪಿಎನ್‌ಪಿಪ್ರಾಪರ್ಟಿ’ ಬಳಸಿ: ‘ಕ್ಲೈಂಟ್‌ಆಬ್ಜೆಕ್ಟ್’ಗೆ ಆಬ್ಜೆಕ್ಟನ್ನು, ‘ಪ್ರಾಪರ್ಟಿ’ಗೆ ಹೆಸರನ್ನು ಕೊಡಿ. ಎರಡು ಮೂರು ಬೇಕಿದ್ದರೆ ಅಲ್ಪವಿರಾಮ ಹಾಕಿ ಒಟ್ಟಿಗೇ ಕೇಳಿ.

ಆದರೆ ಈ ಕಮಾಂಡ್ ಲೋಡ್ ಆಗಿರದ ಪ್ರಾಪರ್ಟಿಗಾಗಿ ಪ್ರತಿ ಸಲವೂ ಸರ್ವರಿಗೆ ಹೋಗಿ ಬರುತ್ತದೆ. ಸಾವಿರಾರು ಫೈಲುಗಳ ಲೂಪಿನೊಳಗಿಟ್ಟರೆ, ಒಂದೊಂದು ಕಾಗದಕ್ಕೂ ಅಂಕೋಲಾದಿಂದ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಬಸ್ ಹತ್ತಿದ ಹಾಗೆ. ಮಳೆಗಾಲದ ನಮ್ಮ ನೆಟ್ಟಿನಲ್ಲಂತೂ ಕೇಳಲೇಬೇಡಿ! ವಿಪರೀತ ಕೇಳಿದರೆ ಸರ್ವರೇ 429 (ವಿನಂತಿಗಳು ಮಿತಿಮೀರಿವೆ) ಎಂದು ತಡೆಯುತ್ತದೆ. ಲಿಸ್ಟ್‌ಗಳಿಗಾದರೆ ‘ಗೆಟ್-ಪಿಎನ್‌ಪಿಲಿಸ್ಟ್’ನ ‘ಇನ್‌ಕ್ಲೂಡ್ಸ್’ನಲ್ಲಿ ಮೊದಲೇ ಹೇಳಿಬಿಡಿ. ಫೈಲುಗಳ ತಪಾಸಣೆಯನ್ನು ಅಗತ್ಯವಿರುವ ಫೋಲ್ಡರಿಗಷ್ಟೇ ಸೀಮಿತಗೊಳಿಸಿ, ರಾತ್ರಿ ಓಡಿಸಿ.